ರಜೆ ಏಪ್ರಿಲ್ 26ಕ್ಕೆ, ಮತ ಮೇ 7ಕ್ಕೆ

(ಮಾರ್ಚ್ 2024)

ಕರ್ನಾಟಕದಲ್ಲಿ ಈ ಸಲ ಲೋಕಸಭೆಗೆ ಎರಡು ದಿನ ಮತದಾನ. ಬೆಂಗಳೂರು ಏಪ್ರಿಲ್ 26ಕ್ಕೆ, ರಾಯಚೂರು ಮೇ 7ಕ್ಕೆ. ನಮಗೆ ಟಿವಿಯವರಿಗೆ ಎರಡು ದಿನದ ಲೈವ್, ಅಷ್ಟೇ. ಆದರೆ ದೇವದುರ್ಗದಿಂದ ಗುಳೆ ಬಂದು ಬೆಂಗಳೂರಲ್ಲಿ ಸಿಮೆಂಟ್ ಹೊರುವವನನ್ನು ನೆನೆಯಿರಿ. ನಗರಕ್ಕೆಲ್ಲ ರಜೆ ಇರುವ ದಿನ ಅವನಿಗೆ ಮತವಿಲ್ಲ. ಅವನ ಮತದ ದಿನ ನಗರಕ್ಕೆ ರಜೆಯಿಲ್ಲ.

"ವೋಟು ಹಾಕ್ಲಿಕ್ಕೆ ಊರಿಗೆ ಹೋಗಿ ಬರ್ತೀನ್ರಿ" ಅಂದ್ರೆ ಮೇಸ್ತ್ರಿ ಏನಂತಾನೆ? "ವೋಟು ಮುಗಿದು ಹತ್ತು ದಿನ ಆಯ್ತಲ್ಲಪ್ಪ, ಇದ್ಯಾವ ವೋಟು?"

ಕಾನೂನು ಕಾರ್ಮಿಕನ ಪರ ಇದೆ. 1951ರ ಜನಪ್ರಾತಿನಿಧ್ಯ ಕಾಯ್ದೆಯ 135-ಬಿ ಪ್ರಕಾರ ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕು, ದಿನಗೂಲಿಯವರಿಗೂ. ಕೆಲಸದ ಜಾಗ ಕ್ಷೇತ್ರದ ಹೊರಗಿದ್ದರೂ ಇದು ಅನ್ವಯ ಅಂತ ಚುನಾವಣಾ ಆಯೋಗವೇ ಹೇಳಿದೆ. ತಪ್ಪಿದ ಮಾಲೀಕನಿಗೆ ದಂಡ? ಹೆಚ್ಚೆಂದರೆ 500 ರೂಪಾಯಿ. ಗಾರೆಯವರ ಒಂದು ದಿನದ ಕೂಲಿಗಿಂತ ಕಡಿಮೆ! ಕಾಯ್ದೆ ಕೊಡುವುದೂ ಒಂದೇ ದಿನ. ಹೋಗೋಕೊಂದು ರಾತ್ರಿ, ಬರೋಕೊಂದು ರಾತ್ರಿ ಅದರ ಲೆಕ್ಕದಲ್ಲಿಲ್ಲ.

ಇದ್ದಲ್ಲಿಂದಲೇ ಮತ ಹಾಕುವ ಯಂತ್ರ ಬರುತ್ತೆ ಅಂದಿದ್ರು. ಒಂದೇ ಯಂತ್ರದಲ್ಲಿ 72 ಕ್ಷೇತ್ರ. 2023ರ ಜನವರಿಯಲ್ಲಿ ಆಯೋಗ ಪಕ್ಷಗಳನ್ನು ಕರೆಸಿತ್ತು. ಎಂಜಿನಿಯರಿಂಗ್ ಓದಿದ ನನಗೆ ಯಂತ್ರ ದೊಡ್ಡ ವಿಷಯ ಅನ್ನಿಸಲ್ಲ. ವಲಸೆ ಕಾರ್ಮಿಕ ಅಂದ್ರೆ ಯಾರು, ದೂರದ ಮತಗಟ್ಟೆಯಲ್ಲಿ ಏಜೆಂಟ್ ಆಗಿ ಕೂರೋರು ಯಾರು, ಕಷ್ಟ ಇರೋದು ಅಲ್ಲಿ. ಈ ಚುನಾವಣೆಗಂತೂ ಅದು ಇಲ್ಲ. ಬಸ್ಸೇ ಗತಿ.

ಹಾಗಾಗಿ ಗುಳೆ ಬಂದ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ತಯಾರಿ ಇವತ್ತೇ ಶುರುವಾಗಲಿ.

ಮೊದಲು ಹೆಸರು ನೋಡಿ. ಡಿಗ್ರಿ ಮುಗಿದ ಮೇಲೆ ನಾನೂ ಜೇಬಲ್ಲಿ ಕಾರ್ಡ್ ಇಟ್ಕೊಂಡು ಮತಗಟ್ಟೆಗೆ ಹೋಗಿದ್ದೆ. ಪಟ್ಟಿಯಲ್ಲಿ ಹೆಸರೇ ಇರಲಿಲ್ಲ, ವಾಪಸ್ ಬಂದೆ. ಕಾರ್ಡ್ ಇದ್ದರೆ ಸಾಲದು, ಪಟ್ಟಿಯಲ್ಲಿ ಹೆಸರಿರಬೇಕು. ವೋಟರ್ ಹೆಲ್ಪ್‌ಲೈನ್ ಆ್ಯಪ್‌ನಲ್ಲೋ 1950ಕ್ಕೆ ಫೋನ್ ಮಾಡಿಯೋ ನೋಡಿ. ಮನೆಗೆ ಬೀಗ ಕಂಡು ಯಾರಾದ್ರೂ "ಊರು ಬಿಟ್ಟಿದ್ದಾರೆ" ಅಂತ ಬರೆದಿರಬಹುದು. ತಾತ್ಕಾಲಿಕವಾಗಿ ಹೊರಗಿದ್ದ ಮಾತ್ರಕ್ಕೆ ನೀವು ಆ ಊರಿನವರಲ್ಲ ಅಂತ ಆಗಲ್ಲ. 1950ರ ಕಾಯ್ದೆಯ 20ನೇ ಸೆಕ್ಷನ್ ಅದನ್ನೇ ಹೇಳುತ್ತೆ. ಹೆಸರು ಹೋಗಿದ್ದರೆ ನಮೂನೆ 6ರಲ್ಲಿ ಅರ್ಜಿ ಕೊಡಿ. ನಾಮಪತ್ರದ ಕೊನೆ ದಿನ ಏಪ್ರಿಲ್ 19. ನೀವು ಏಪ್ರಿಲ್ ಮೊದಲ ವಾರದೊಳಗೇ ಮುಗಿಸಿ.

ಆಮೇಲೆ ಮೇಸ್ತ್ರಿಗೆ ಹೇಳಿ. ಹಿಂದಿನ ದಿನ ಅಲ್ಲ, ಈಗಲೇ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಉಚಿತ. ಕಾರ್ಡ್ ಕಳೆದಿದ್ದರೆ ಆಧಾರ್, ನರೇಗಾ ಜಾಬ್ ಕಾರ್ಡ್, ಫೋಟೊ ಇರುವ ಪಾಸ್‌ಬುಕ್ ಯಾವುದಾದ್ರೂ ನಡೆಯುತ್ತೆ. ಮನೆಗೆ ಬರುವ ಮತದಾರರ ಚೀಟಿಯೊಂದೇ ಸಾಲದು. ರಾಯಚೂರಿನ ಮೇ ಬಿಸಿಲು ನಿಮಗೆ ಗೊತ್ತಿದ್ದದ್ದೇ. ಬೆಳಿಗ್ಗೆ 7ಕ್ಕೇ ಹೋಗಿ. ಬಸ್ಸು ತಡವಾದರೂ ಸಂಜೆ 6ಕ್ಕೆ ಸಾಲಲ್ಲಿ ನಿಂತಿದ್ದವರಿಗೆಲ್ಲ ಮತ ಹಾಕಲು ಬಿಡಲೇಬೇಕು.

ಕೊನೇ ಮಾತು ಬೆಂಗಳೂರಿನ ವೀಕ್ಷಕರಿಗೆ. ನಿಮ್ಮ ಮನೆ ಕಟ್ಟುತ್ತಿರುವವರನ್ನು ನಾಳೆ ಒಂದು ಮಾತು ಕೇಳಿ: "ನಿಮ್ದು ಯಾವೂರು? ವೋಟು ಯಾವತ್ತು?" ಮೇ 7 ಅಂದ್ರೆ, 5ರ ರಾತ್ರಿಯೇ ಬಸ್ಸು ಹತ್ತಿಸಿ. ಆ ದಿನದ ಕೂಲಿ ಹಿಡಿಯಬೇಡಿ.