ಗೆದ್ದರೂ ಇಪ್ಪತ್ತು, ಸೋತರೂ ಇಪ್ಪತ್ತು

ವೀಕ್ಷಕರೇ, ಇಂಡಿಯ ನಿಂಬೆ ಬೆಳೆಗಾರರನ್ನು ಕೇಳಿ ನೋಡಿ, ರೇಟು ಬಿದ್ದರೂ ದಲಾಲಿ ತಪ್ಪಲ್ಲ ಅಂತಾರೆ. ಷೇರುಪೇಟೆಯಲ್ಲೂ ಅಷ್ಟೇ, ವ್ಯವಹಾರ ದೊಡ್ಡದಾದಷ್ಟೂ ದಲಾಲಿ ದೊಡ್ಡದಿತ್ತು. ಅದನ್ನು ಮುರಿದದ್ದು ನಮ್ಮ ಬೆಂಗಳೂರಿನ ಜೆರೋಧಾ. 2010ರ ಆಗಸ್ಟ್ 15ರಂದು ನಿತಿನ್ ಕಾಮತ್ ಶುರು ಮಾಡಿದ್ದು, ತಮ್ಮ ನಿಖಿಲ್ ಜೊತೆ. ಟ್ರೇಡ್ ಎಷ್ಟೇ ದೊಡ್ಡದಿರಲಿ, ಆರ್ಡರಿಗೆ ಗರಿಷ್ಠ ಇಪ್ಪತ್ತು ರೂಪಾಯಿ. ‘ರೋಧ’ ಅಂದ್ರೆ ಅಡ್ಡಿ. ಅಡ್ಡಿ ಝೀರೋ ಅಂತ ಹೆಸರು. ಹೊರಗಿನ ಹೂಡಿಕೆದಾರರ ದುಡ್ಡು ಮುಟ್ಟದೇ ಬೆಳೆದ ಕಂಪನಿ ಇದು, ಮೆಚ್ಚಲೇಬೇಕು.

ಆ್ಯಪ್ ಕೈಕೊಟ್ಟಾಗ ಗ್ರಾಹಕರು ಬೈದದ್ದುಂಟು. 2021ರಲ್ಲಿ ವಿಶ್ವನಾಥನ್ ಆನಂದ್ ಜೊತೆ ಚೆಸ್ ಆಡುವಾಗ ಕಂಪ್ಯೂಟರ್ ನೆರವು ಪಡೆದು ನಿಖಿಲ್ ಕ್ಷಮೆ ಕೇಳಿದ್ದೂ ಸುದ್ದಿಯಾಯ್ತು. ಅದೆಲ್ಲ ಸಣ್ಣದು ಬಿಡಿ.

ದೊಡ್ಡದು ಫ್ಯೂಚರ್ಸ್ ಮತ್ತು ಆಪ್ಷನ್ಸ್. ಸೆಬಿಯ 2024ರ ಅಧ್ಯಯನದ ಪ್ರಕಾರ, ಮೂರು ವರ್ಷದಲ್ಲಿ ಇದಕ್ಕೆ ಕೈಹಾಕಿದ 100 ಜನರಲ್ಲಿ 93 ಮಂದಿ ದುಡ್ಡು ಕಳೆದುಕೊಂಡರು. ಎಲ್ಲ ಬ್ರೋಕರ್‌ಗಳ ಗ್ರಾಹಕರದ್ದೂ ಸೇರಿ 1.8 ಲಕ್ಷ ಕೋಟಿಗೂ ಹೆಚ್ಚು! 2023-24ರಲ್ಲಿ ಜೆರೋಧಾ ಲಾಭ ಸುಮಾರು 4,700 ಕೋಟಿ. ಇದು ಮೋಸವಲ್ಲ, ಕಾನೂನಿನ ಒಳಗೇ ಇದೆ. ಆದರೆ ಲೆಕ್ಕ ಹಾಕಿ: ಆಪ್ಷನ್ಸ್‌ನಲ್ಲಿ ದಿನಕ್ಕೆ 20 ಆರ್ಡರ್ ಹಾಕುವ ಹುಡುಗ ಸೋತರೂ 400 ರೂಪಾಯಿ ಕಟ್ಟುತ್ತಾನೆ, ತೆರಿಗೆ ಬೇರೆ.