ಗಾಜಿನ ಮೇಲಿನ ಕಪ್ಪು ಚುಕ್ಕೆಗಳು



ಓದು ಮುಗಿಸಿ ನೀವು ಸೇರುವ ಮೊದಲ ಕೆಲಸ ಬಹುಶಃ ನಿಮ್ಮ ಮನಸ್ಸಿಗೆ ಹಿಡಿಸಲಾರದು. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಪ್ರಯೋಗಾಲಯದಲ್ಲಿ ದಿನವಿಡೀ ಒಂದೇ ಪರೀಕ್ಷೆ, ಕಚೇರಿಯಲ್ಲಿ ಅದೇ ಅರ್ಜಿ ನಮೂನೆಗಳು, ಕಂಪ್ಯೂಟರಿನ ಮುಂದೆ ಕುಳಿತು ಅಂಕಿ ತುಂಬುವುದು, ಹೆಚ್ಚಿನವರ ಪಾಲಿಗೆ ಬರುವುದು ಇಂಥವೇ. ಟೆಲಿವಿಷನ್ ಎಂದರೆ ಝಗಮಗಿಸುವ ದೀಪಗಳ ಲೋಕವೆಂದು ನೀವು ಭಾವಿಸಿದ್ದೀರೇನೋ. ಚಿತ್ರೀಕರಿಸಿದ್ದನ್ನು ಮತ್ತೆ ಮತ್ತೆ ನೋಡಿ, ಎಷ್ಟನೆಯ ನಿಮಿಷದಲ್ಲಿ ಏನಿದೆ ಎಂದು ಬರೆದಿಡುವುದರಲ್ಲೇ ನಮ್ಮ ಎಷ್ಟೋ ದಿನಗಳು ಕಳೆಯುತ್ತವೆ! "ಉತ್ಸಾಹದಿಂದ ದುಡಿಯಿರಿ" ಎಂದು ಉಪದೇಶಿಸುವುದು ಸುಲಭ. ಆದರೆ ಆ ಉತ್ಸಾಹವನ್ನು ಎಲ್ಲಿಂದ ತರುವುದು? ಉತ್ತರಕ್ಕಾಗಿ ಒಬ್ಬ ಮಹಿಳೆಯ ಕೆಲಸದ ಮೇಜಿನ ಬಳಿಗೆ ಹೋಗೋಣ.

ಅಮೆರಿಕದ ಹಾರ್ವರ್ಡ್ ಕಾಲೇಜಿನ ವೇಧಶಾಲೆಯಲ್ಲಿ ನೂರು ವರ್ಷಗಳಿಗೂ ಹಿಂದೆ ಲೆಕ್ಕ ಹಾಕಲೆಂದೇ ಹಲವು ಮಹಿಳೆಯರನ್ನು ನೇಮಿಸಿಕೊಂಡಿದ್ದರು. ಅವರನ್ನು 'ಕಂಪ್ಯೂಟರ್'ಗಳೆಂದೇ ಕರೆಯುತ್ತಿದ್ದರು. ರಾತ್ರಿ ದೂರದರ್ಶಕದ ಬಳಿ ನಿಲ್ಲುವ ಕೆಲಸ ಗಂಡಸರದು. ತೆಗೆದ ಚಿತ್ರಗಳನ್ನು ಹಗಲಿನಲ್ಲಿ ಪರಿಶೀಲಿಸುವ ಕೆಲಸ ಇವರದು. ಹೆನ್ರಿಯೆಟಾ ಸ್ವಾನ್ ಲೆವಿಟ್ ಅವರಲ್ಲೊಬ್ಬರು. 1892ರಲ್ಲಿ ಕಾಲೇಜು ಶಿಕ್ಷಣ ಮುಗಿಸಿದವರು. ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಮೊದಮೊದಲು ಸಂಬಳವಿಲ್ಲದೆ ದುಡಿದರು. ಆಮೇಲೆ ಸಿಕ್ಕಿದ್ದು ಗಂಟೆಗೆ 30 ಸೆಂಟ್.

ಆಕೆಯ ಕೆಲಸವೇನು? ಗಾಜಿನ ಫಲಕಗಳ ಮೇಲೆ ತೆಗೆದ ಆಕಾಶದ ಚಿತ್ರಗಳು ನೆಗೆಟಿವ್ ರೂಪದಲ್ಲಿರುತ್ತಿದ್ದವು. ಹಿನ್ನೆಲೆ ಬಿಳಿ, ನಕ್ಷತ್ರಗಳು ಕಪ್ಪು ಚುಕ್ಕೆಗಳು. ಆಕಾಶದ ಒಂದೇ ಭಾಗವನ್ನು ಬೇರೆ ಬೇರೆ ದಿನ ಚಿತ್ರೀಕರಿಸಿದ ಫಲಕಗಳನ್ನು ಒಂದರ ಮೇಲೊಂದಿಟ್ಟು, ಯಾವ ಚುಕ್ಕೆ ದೊಡ್ಡದಾಯಿತು, ಯಾವುದು ಚಿಕ್ಕದಾಯಿತು ಎಂದು ಹುಡುಕಬೇಕು. ಹಿಗ್ಗಿ ಕುಗ್ಗುವ ಚುಕ್ಕೆ ಎಂದರೆ ಕಾಂತಿ ಬದಲಾಗುವ ನಕ್ಷತ್ರ. ಸಾವಿರಾರು ಚುಕ್ಕೆಗಳ ನಡುವೆ ಅಂಥದೊಂದನ್ನು ಹೆಕ್ಕಿ, ಗುರುತು ಹಾಕಿ, ಮುಂದಿನದಕ್ಕೆ ಹೋಗುವುದು. ಹೀಗೆ ವರ್ಷಗಟ್ಟಲೆ. ಅಕ್ಕಿಯಲ್ಲಿ ಕಲ್ಲು ಆರಿಸುವವರಿಗೆ ಈ ಕೆಲಸದ ಸ್ವರೂಪ ಚೆನ್ನಾಗಿ ಅರ್ಥವಾದೀತು!

1908ರಲ್ಲಿ ಲೆವಿಟ್ ಮೆಜೆಲ್ಲಾನಿಕ್ ಮೇಘಗಳಲ್ಲಿನ 1777 ಇಂಥ ನಕ್ಷತ್ರಗಳ ಪಟ್ಟಿಯನ್ನು ಪ್ರಕಟಿಸಿದರು. ಪಟ್ಟಿ ಮಾಡಿಕೊಟ್ಟರೆ ಕೆಲಸ ಮುಗಿಯುತ್ತಿತ್ತು. ಆದರೆ ಆಕೆ ಅದರೊಳಗಿನ 16 ನಕ್ಷತ್ರಗಳನ್ನು ಪ್ರತ್ಯೇಕವಾಗಿ ನೋಡಿ, ಹೆಚ್ಚು ಪ್ರಕಾಶವುಳ್ಳವು ಹೆಚ್ಚು ನಿಧಾನವಾಗಿ ಮಿಡಿಯುತ್ತವೆ ಎಂದು ಸೂಚಿಸಿದರು. ಅದನ್ನು ಕೇಳಿದವರಾರೂ ಇರಲಿಲ್ಲ. ಪ್ರಶ್ನೆ ಆಕೆಯದೇ.

1912ರ ಹೊತ್ತಿಗೆ 25 ನಕ್ಷತ್ರಗಳ ಲೆಕ್ಕ ಸಿದ್ಧವಾಗಿ ನಿಯಮ ಖಚಿತವಾಯಿತು. ಇದರ ಮಹತ್ವ ಹೀಗೆ: ಬೆಟ್ಟದ ಮೇಲಿಂದ ದೂರದ ಒಂದು ಹಳ್ಳಿಯ ದೀಪಗಳನ್ನು ನೋಡಿ. ಎಲ್ಲವೂ ನಿಮ್ಮಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿವೆ. ಪ್ರಖರವಾಗಿ ಕಾಣುವುದು ನಿಜವಾಗಿಯೂ ಪ್ರಖರವಾದ ದೀಪ. ಕಿರಿಯ ಮೆಜೆಲ್ಲಾನಿಕ್ ಮೇಘ ಅಂಥ ಹಳ್ಳಿ. ಮಿಡಿತದ ಅವಧಿಯಿಂದ ನಿಜವಾದ ಪ್ರಕಾಶ ತಿಳಿದರೆ, ಕಾಣುವ ಪ್ರಕಾಶದೊಡನೆ ಹೋಲಿಸಿ ಆ ಜಾತಿಯ ನಕ್ಷತ್ರ ಎಷ್ಟು ದೂರದಲ್ಲಿದೆ ಎಂದು ಹೇಳಬಹುದು. ಎಡ್ವಿನ್ ಹಬಲ್ 1923ರಲ್ಲಿ ದೇವಯಾನಿ ನೀಹಾರಿಕೆಯಲ್ಲಿ ಅಂಥದೊಂದು ನಕ್ಷತ್ರವನ್ನು ಗುರುತಿಸಿ, ಅದು ನಮ್ಮ ಆಕಾಶಗಂಗೆಯ ಹೊರಗಿನ ಬೇರೊಂದು ಗೆಲಾಕ್ಸಿ ಎಂದು ತೋರಿಸಿದ್ದು ಇದೇ ಅಳತೆಗೋಲಿನಿಂದ. ಲೆವಿಟ್ ಅದನ್ನು ಕಾಣಲಿಲ್ಲ, 1921ರಲ್ಲೇ ತೀರಿಕೊಂಡಿದ್ದರು.

ಇಲ್ಲೊಂದು ಎಚ್ಚರಿಕೆ. ಈ ಕಥೆಯನ್ನು ಕಡಿಮೆ ಸಂಬಳಕ್ಕೆ ಸಮರ್ಥನೆಯಾಗಿ ಯಾರಾದರೂ ನಿಮಗೆ ಹೇಳಿದರೆ ಒಪ್ಪಬೇಡಿ. 1912ರ ಆ ವರದಿ ಹೊರಬಂದದ್ದು ವೇಧಶಾಲೆಯ ನಿರ್ದೇಶಕ ಪಿಕರಿಂಗರ ಸಹಿಯೊಂದಿಗೆ. ಸಿದ್ಧಪಡಿಸಿದವರು ಮಿಸ್ ಲೆವಿಟ್ ಎಂಬುದು ಮೊದಲ ವಾಕ್ಯದಲ್ಲಿತ್ತು, ಅಷ್ಟೇ. ಆಕೆಗೆ ನ್ಯಾಯವಾಗಿ ಸಲ್ಲಬೇಕಾದದ್ದು ಸಲ್ಲಲಿಲ್ಲವೆಂದೇ ನನ್ನ ಅಭಿಪ್ರಾಯ. ಕೆಲಸದಲ್ಲಿ ಸಿಗುವ ಆನಂದ ಬೇರೆ, ಕೂಲಿಯ ಲೆಕ್ಕ ಬೇರೆ.

ನಮ್ಮ ಹತ್ತಿರದಲ್ಲೂ ಇಂಥ ಕೆಲಸ ನಡೆದಿದೆ. ಈಗ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿರುವ ಕೊಡೈಕೆನಾಲ್ ವೇಧಶಾಲೆಯಲ್ಲಿ 1904ರಿಂದ, ಮೋಡವಿಲ್ಲದ ದಿನಗಳಲ್ಲಿ ಸೂರ್ಯನ ಚಿತ್ರ ತೆಗೆಯುತ್ತ ಬಂದಿದ್ದಾರೆ. ಅದೇ ಸೂರ್ಯ, ಅದೇ ಕ್ರಮ. ಹಾಗೆ ಕೂಡಿಬಂದ ಫಲಕಗಳಿಂದಲೇ ಇಂದಿನ ವಿಜ್ಞಾನಿಗಳು ನೂರು ವರ್ಷಗಳ ಸೂರ್ಯಕಲೆಗಳ ಏರಿಳಿತವನ್ನು ಅಭ್ಯಾಸ ಮಾಡುತ್ತಿರುವುದು.

ನೀವೇನು ಮಾಡಬಹುದು? ಮೇಜಿನ ಮೇಲೆ ನಿಮ್ಮದೇ ಆದ ಒಂದು ಪುಟ್ಟ ಪುಸ್ತಕವಿರಲಿ. ಕೈಗೆ ಬಂದ ಕೆಲಸದ ಬಗ್ಗೆ ಯಾರೂ ಕೇಳದ ಒಂದು ಪ್ರಶ್ನೆಯನ್ನು ಅದರಲ್ಲಿ ಬರೆಯಿರಿ. ಸೋಮವಾರವೇ ಅರ್ಜಿಗಳೇಕೆ ಹೆಚ್ಚು? ಇದೊಂದು ಕಲಮನ್ನು ಮಾತ್ರ ಜನ ಪದೇ ಪದೇ ತಪ್ಪು ತುಂಬುವುದೇಕೆ? ಒಂದು ತಿಂಗಳು ಅಂಕಿ ಬರೆದಿಡಿ. ಏನೂ ಹೊಳೆಯದಿದ್ದರೆ ಪ್ರಶ್ನೆ ಬದಲಿಸಿ. ಆರು ತಿಂಗಳಾದರೂ ಕೇಳಲು ಒಂದು ಪ್ರಶ್ನೆಯೂ ಹುಟ್ಟದ ಕೆಲಸವಾದರೆ, ಬೇರೆ ಕೆಲಸ ಹುಡುಕುವುದರಲ್ಲಿ ತಪ್ಪೇನಿಲ್ಲ.