ಲಾಂಗೆನ್ನೆಖ್‌ನ ಕಂದಾಯದ ಚೀಟಿ



ದಕ್ಷಿಣ ವೇಲ್ಸ್‌ನ ಲಾಂಗೆನ್ನೆಖ್ ಎಂಬ ಹಳ್ಳಿಯಲ್ಲಿ 1952ರಲ್ಲಿ ಟ್ರೆವರ್ ಮತ್ತು ಐಲೀನ್ ಬೀಸ್ಲಿ ಎಂಬ ದಂಪತಿಗಳು ಒಂದು ಸಣ್ಣ ಮನೆ ಕೊಂಡರು. ಟ್ರೆವರ್ ಕಲ್ಲಿದ್ದಲ ಗಣಿಯ ಕಾರ್ಮಿಕ. ಮನೆ ಕಂದಾಯ ಕಟ್ಟಬೇಕೆಂದು ಗ್ರಾಮಾಂತರ ಮಂಡಳಿಯಿಂದ ಬಂದ ಚೀಟಿ ಇಂಗ್ಲಿಷಿನಲ್ಲಿತ್ತು. ವೆಲ್ಷ್ ಭಾಷೆಯ ಚೀಟಿ ಬಂದರೆ ಮಾತ್ರ ಹಣ ಕಟ್ಟುವುದಾಗಿ ದಂಪತಿಗಳು ತಿಳಿಸಿದರು. ಮಂಡಳಿ ಒಪ್ಪಲಿಲ್ಲ. ಹನ್ನೆರಡಕ್ಕೂ ಹೆಚ್ಚು ಬಾರಿ ಅವರನ್ನು ನ್ಯಾಯಾಲಯದ ಮುಂದೆ ನಿಲ್ಲಿಸಲಾಯಿತು. ಅಮೀನರು ಮತ್ತೆ ಮತ್ತೆ ಬಂದು ಪಿಯಾನೊ, ನೆಲಹಾಸು, ಮೇಜು ಕುರ್ಚಿಗಳನ್ನು ಜಪ್ತಿ ಮಾಡಿ ಹೊತ್ತೊಯ್ದರು. 1960ರಲ್ಲಿ ಎರಡೂ ಭಾಷೆಗಳಲ್ಲಿ ಅಚ್ಚಾದ ಚೀಟಿ ಅವರ ಬಾಗಿಲಿಗೆ ಬಂದಿತು. ಆ ವೇಳೆಗೆ ಎಂಟು ವರ್ಷಗಳು ಕಳೆದಿದ್ದವು.

ಈ ಕಥೆಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಸಂಗತಿಯಿದೆ. ಲಾಂಗೆನ್ನೆಖ್‌ನ ಬಹುಪಾಲು ಜನ ವೆಲ್ಷ್ ಆಡುವವರೇ. ಮಂಡಳಿಯ ಸದಸ್ಯರೂ ವೆಲ್ಷ್ ಬಲ್ಲವರೇ, ಅಧಿಕಾರಿಗಳೂ ಬಲ್ಲವರೇ. ಚೀಟಿಯನ್ನು ನಿರಾಕರಿಸಿದವರು ಲಂಡನ್ನಿನಿಂದ ಬಂದವರಲ್ಲ. ಮನೆಯಲ್ಲಿ ಯಾವ ಭಾಷೆಯಲ್ಲಿ ಮಕ್ಕಳನ್ನು ಮುದ್ದಿಸುತ್ತಿದ್ದರೋ ಅದೇ ಭಾಷೆ ಕಚೇರಿಯ ಕಾಗದಕ್ಕೆ ತಕ್ಕುದಲ್ಲವೆಂದು ಅವರು ನಂಬಿದ್ದರು.

ಆ ನಂಬಿಕೆ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಭಾರತದ ಶಿಕ್ಷಣವನ್ನು ಕುರಿತ ಮೆಕಾಲೆಯ ಟಿಪ್ಪಣಿ 1835ರದು. ಅದಾಗಿ ಹನ್ನೆರಡು ವರ್ಷಗಳಿಗೆ, 1847ರಲ್ಲಿ, ವೇಲ್ಸ್‌ನ ಶಾಲೆಗಳನ್ನು ಕುರಿತ ಸರ್ಕಾರಿ ವರದಿ ಹೊರಬಂದಿತು. ವಿಚಾರಣೆ ನಡೆಸಿದ ಮೂವರು ಆಯುಕ್ತರಿಗೂ ವೆಲ್ಷ್ ಬರುತ್ತಿರಲಿಲ್ಲ. ವೆಲ್ಷ್ ಮಾತ್ರ ಬಲ್ಲ ಮಕ್ಕಳನ್ನು ಇಂಗ್ಲಿಷಿನಲ್ಲಿ ಪ್ರಶ್ನಿಸಿ ದಡ್ಡರೆಂದು ಬರೆದುಕೊಂಡದ್ದೂ ಉಂಟು. ಜನರ ಅಜ್ಞಾನಕ್ಕೂ ಅನೀತಿಗೂ ಅವರ ಭಾಷೆಯನ್ನು ಹೊಣೆಯಾಗಿಸಿದ ಆ ವರದಿಯನ್ನು ವೇಲ್ಸ್ ಇಂದಿಗೂ 'ನೀಲಿ ಪುಸ್ತಕಗಳ ದ್ರೋಹ' ಎಂದೇ ನೆನೆಯುತ್ತದೆ. ಶಾಲೆಯಲ್ಲಿ ವೆಲ್ಷ್ ಆಡಿದ ಮಗುವಿನ ಕೊರಳಿಗೆ ಮರದ ತುಂಡೊಂದನ್ನು ಕಟ್ಟುವ ಪದ್ಧತಿ ಆ ಶತಮಾನದಲ್ಲಿತ್ತು. ಮುಂದೆ ಬಾಯಿ ತಪ್ಪಿದ ಮಗುವಿನ ಕೊರಳಿಗೆ ಅದು ವರ್ಗವಾಗುತ್ತಿತ್ತು. ಸಂಜೆ ಯಾರ ಕೊರಳಲ್ಲಿ ಉಳಿಯಿತೋ ಅವರಿಗೆ ಬೆತ್ತದ ಏಟು. ಇದಕ್ಕೆ ಸರ್ಕಾರಿ ಆದೇಶವೇನೂ ಇರಲಿಲ್ಲ. ಕಟ್ಟಿದ ಉಪಾಧ್ಯಾಯರು ವೆಲ್ಷ್ ಜನರೇ, ಒಪ್ಪಿದ ತಂದೆತಾಯಿಗಳೂ ಅವರೇ.

1962ರ ಫೆಬ್ರವರಿಯಲ್ಲಿ ನಾಟಕಕಾರ ಸಾಂಡರ್ಸ್ ಲೂಯಿಸ್ ಬಿಬಿಸಿ ರೇಡಿಯೊದಲ್ಲಿ 'ಭಾಷೆಯ ಹಣೆಬರಹ' ಎಂಬ ಅರ್ಥದ ಹೆಸರಿನ ಉಪನ್ಯಾಸ ನೀಡಿದರು. ಆಗಿನ ಗತಿಯೇ ಮುಂದುವರಿದರೆ ಇಪ್ಪತ್ತೊಂದನೆಯ ಶತಮಾನದ ಆರಂಭಕ್ಕೆ ವೆಲ್ಷ್ ಜೀವಂತ ಭಾಷೆಯಾಗಿ ಉಳಿಯದೆಂದು ಎಚ್ಚರಿಸಿ, ಬೀಸ್ಲಿ ದಂಪತಿಗಳನ್ನೇ ಮಾದರಿಯಾಗಿ ತೋರಿಸಿದರು. ಅದೇ ವರ್ಷ ವೆಲ್ಷ್ ಭಾಷಾ ಸಂಘ ಹುಟ್ಟಿತು. ರಸ್ತೆ ಫಲಕಗಳಿಗೆ ಬಣ್ಣ ಬಳಿದು ಯುವಕರು ಜೈಲು ಸೇರಿದರು. ವೆಲ್ಷ್ ದೂರದರ್ಶನ ವಾಹಿನಿಗಾಗಿ 1980ರಲ್ಲಿ ಗ್ವಿನ್ವರ್ ಇವಾನ್ಸ್ ಆಮರಣ ಉಪವಾಸದ ಎಚ್ಚರಿಕೆ ಕೊಟ್ಟರು; ಥ್ಯಾಚರ್ ಸರ್ಕಾರ ಮಣಿಯಿತು. 1967, 1993, 2011ರ ಕಾನೂನುಗಳು ಹೀಗೆ ಒಂದೊಂದೇ ಮೆಟ್ಟಿಲಾಗಿ ಬಂದವು.

ಆದರೂ 2021ರ ಜನಗಣತಿಯಲ್ಲಿ ವೆಲ್ಷ್ ಬಲ್ಲವರು ಸುಮಾರು 5,38,000, ಅಂದರೆ ಶೇಕಡ 17.8. ಹತ್ತು ವರ್ಷಗಳ ಹಿಂದೆ ಈ ಪ್ರಮಾಣ ಶೇಕಡ 19 ಇತ್ತು. 2050ರ ಹೊತ್ತಿಗೆ ಹತ್ತು ಲಕ್ಷ ಮುಟ್ಟಬೇಕೆಂಬುದು ಸರ್ಕಾರದ ಗುರಿ. ಕಾನೂನು ಫಲಕವನ್ನು ಬದಲಿಸಬಲ್ಲದು, ಅಡುಗೆಮನೆಯನ್ನು ಬದಲಿಸುವುದು ಅದಕ್ಕೆ ಅಷ್ಟು ಸುಲಭವಲ್ಲ.

ಉಳಿದದ್ದಾದರೂ ಯಾವ ವೆಲ್ಷ್? ಉತ್ತರದವರು ಹಾಲಿಗೆ 'ಹ್ಲೆವ್ರಿತ್' ಎಂದರೆ ದಕ್ಷಿಣದವರು 'ಹ್ಲಾಯ್ತ್' ಎನ್ನುತ್ತಾರೆ. 'ಈಗ' ಎಂಬುದಕ್ಕೆ ದಕ್ಷಿಣದಲ್ಲಿ 'ನಾವುರ್', ಉತ್ತರದಲ್ಲಿ 'ರೂಅನ್'. ರೋಮನ್ ಲಿಪಿಯಲ್ಲಿ ಒಂದನ್ನು ಹಿಂದುಮುಂದಾಗಿ ಬರೆದರೆ ಇನ್ನೊಂದಾಗುತ್ತದೆ. ಇವೆರಡೂ ಕ್ಷೇಮವಾಗಿವೆ. ಕ್ಷೇಮವಲ್ಲದ್ದು ಆಗ್ನೇಯದ ಗಣಿ ಕಣಿವೆಗಳ 'ಗ್ವೆನ್ಹ್ವಿಸೆಗ್'. ಬೆಂಕಿಯನ್ನು ಉಳಿದವರು 'ಟಾನ್' ಎಂದರೆ ಅಲ್ಲಿಯವರು 'ಟ್ಯಾನ್' ಎನ್ನುತ್ತಿದ್ದರು. ಈಗ ಆ ಕಣಿವೆಗಳಲ್ಲಿ ವೆಲ್ಷ್ ಮಾಧ್ಯಮದ ಶಾಲೆಗಳಿವೆ. ಮಕ್ಕಳು ಶಿಷ್ಟ ವೆಲ್ಷ್ ಕಲಿತು ಬರುತ್ತಾರೆ. ಅಜ್ಜಿಯಿಂದ ಅಮ್ಮನಿಗೆ ಭಾಷೆ ದಾಟಿರಲಿಲ್ಲ, ಹಾಗಾಗಿ ಮೊಮ್ಮಗುವಿಗೆ ಶಾಲೆಯ ಭಾಷೆ ಬಂದಿದೆ, ಊರಿನ ಉಲಿ ಬಂದಿಲ್ಲ. ಆ ಉಲಿಯನ್ನು ಕೇಳಬೇಕೆಂದರೆ ಕಾರ್ಡಿಫ್ ಬಳಿಯ ಸೇಂಟ್ ಫಾಗನ್ಸ್ ವಸ್ತುಸಂಗ್ರಹಾಲಯದ ಧ್ವನಿಮುದ್ರಣಗಳತ್ತ ಹೋಗಬೇಕು. ಶಾಲೆಗಳಿಲ್ಲದಿದ್ದರೆ ಇಷ್ಟೂ ಇರುತ್ತಿರಲಿಲ್ಲ ಎಂಬುದು ನಿಜ. ಆದರೆ ನಷ್ಟ ನಷ್ಟವೇ.

ವಲಸೆ ಬಂದ ಕನ್ನಡಿಗರ ವಾರಾಂತ್ಯದ ತರಗತಿಗಳಲ್ಲೂ ಇದೇ ನಡೆಯುತ್ತದೆ. ಕುಂದಾಪುರದ ಅಜ್ಜನ 'ಹ್ವಾಯ್', ಹವ್ಯಕ ಅಜ್ಜಿಯ 'ಆನು' ಪಠ್ಯದಲ್ಲಿಲ್ಲ. ಪಾಠ ಕಲಿತ ಮಗು ದೂರವಾಣಿಯಲ್ಲಿ ಅಜ್ಜಿಯ ಕನ್ನಡವನ್ನು ತಿದ್ದುತ್ತದೆ. ಹಿರಿಯರು ಹೆಮ್ಮೆಯಿಂದ ನಗುತ್ತಾರೆ.

ಅದಕ್ಕಿಂತ ಕಠಿಣವಾದದ್ದು ಕನ್ನಡದ ನೆರೆಯ ಭಾಷೆಗಳ ಪ್ರಶ್ನೆ. 2011ರ ಜನಗಣತಿಯಂತೆ ತುಳು ಮಾತೃಭಾಷಿಕರು 18 ಲಕ್ಷಕ್ಕೂ ಹೆಚ್ಚು. ಆದರೂ ಸಂವಿಧಾನದ ಎಂಟನೆಯ ಪರಿಚ್ಛೇದದಲ್ಲಿ ತುಳುವಿಲ್ಲ, ಕೊಡವವೂ ಇಲ್ಲ. ಸುಮಾರು 25 ಸಾವಿರ ಜನ ಮಾತೃಭಾಷೆಯೆಂದು ಬರೆಸಿದ ಸಂಸ್ಕೃತ ಅಲ್ಲಿದೆ. ಇದು ದೆಹಲಿಯ ತಪ್ಪೆಂದು ಹೇಳುವುದು ಸುಲಭ. ಆದರೆ ಸಂವಿಧಾನದ 345ನೆಯ ವಿಧಿಯಂತೆ ತನ್ನ ನೆಲದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯನ್ನೂ ಅಧಿಕೃತಗೊಳಿಸುವ ಅಧಿಕಾರ ರಾಜ್ಯದ ಶಾಸಕಾಂಗಕ್ಕೇ ಇದೆ. ಅದಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ.

ಬ್ಯಾಂಕಿನ ಅರ್ಜಿ, ರೈಲಿನ ಫಲಕ ಕನ್ನಡದಲ್ಲಿರಬೇಕೆಂದು ಕನ್ನಡಿಗರು ಕೇಳುವುದು ಪೂರ್ತಿ ನ್ಯಾಯ. ಆ ಬೇಡಿಕೆಯ ಪರವಾಗಿ ಲಾಂಗೆನ್ನೆಖ್‌ನ ದಂಪತಿಗಳ ಕಥೆಯನ್ನು ಹೇಳುವಾಗ ಕನ್ನಡಿಗರು ತಮ್ಮನ್ನು ಸಹಜವಾಗಿಯೇ ಬೀಸ್ಲಿಗಳ ಜಾಗದಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಮಡಿಕೇರಿಯಲ್ಲಿ ಮನೆ ಕಂದಾಯದ ಚೀಟಿ ಕೊಡವ ತಕ್ಕ್‌ನಲ್ಲಿ ಬರುವುದಿಲ್ಲ.